ಅಂಡಮಾನಿನ ಟೆಂಟ್ ಪ್ರವಾಸ: ಉಬ್ಬರ ಇಳಿತ ನೋಡಿ ಹೊರಡಿಸುವವರ ಜೊತೆ ಹೋಗಿ

ನಮ್ಮ ಕಡೆಯಿಂದ ಅಂಡಮಾನಿಗೆ ಹೋಗುವವರು ಸಾಮಾನ್ಯವಾಗಿ ಹೋಟೆಲ್, ಟ್ಯಾಕ್ಸಿ, ಸ್ಪೀಡ್ ಬೋಟ್ ಎಲ್ಲಾ ಸೇರಿದ ಪ್ಯಾಕೇಜ್ ತೆಗೆದುಕೊಳ್ಳುತ್ತಾರೆ. ನಾವು ಆರಿಸಿಕೊಂಡದ್ದು ಬೇರೆ. ಟೆಂಟಿನಲ್ಲಿ ಮಲಗುವುದು, ಕಾಡಿನಲ್ಲಿ ನಡೆದು ಬೀಚ್ ಮುಟ್ಟುವುದು, ನಾವೇ ಹುಟ್ಟು ಹಾಕಿ ಕಯಾಕ್ ನಡೆಸುವುದು. ಬೆಳಗಾವಿಯ ಒಂದು ಸಣ್ಣ ಟ್ರೆಕ್ಕಿಂಗ್ ತಂಡ ಕರೆದುಕೊಂಡು ಹೋಗಿತ್ತು. ಬಾಗಲಕೋಟೆಯಿಂದ ನಾನು, ನಮ್ಮ ಯಜಮಾನರು, ನನ್ನ ನಾದಿನಿ ಸೇರಿಕೊಂಡಿದ್ದೆವು. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಕಲಿಸುವವಳು ನಾನು. ಮಕ್ಕಳನ್ನು ಬಾದಾಮಿಯ ಬಂಡೆ ಹತ್ತಿಸಿ ರೂಢಿಯಿದೆ. ಹಾಗಾಗಿ ಸುರಕ್ಷತೆಯ ವಿಷಯದಲ್ಲಿ ನನ್ನ ಕಣ್ಣು ಸ್ವಲ್ಪ ಜಾಸ್ತಿ ಚುರುಕು.

ತಂಡದ ಹೆಸರು ಇಲ್ಲಿ ಹಾಕುತ್ತಿಲ್ಲ. ಇಂಥ ಪ್ರವಾಸ ಮಾಡಿಸುವವರು ಈಗ ಹುಬ್ಬಳ್ಳಿ, ಪುಣೆ, ಬೆಂಗಳೂರಿನಲ್ಲೂ ಇದ್ದಾರೆ. ಯಾರ ಜೊತೆ ಹೋದರೂ ನೋಡಬೇಕಾದ್ದು ಒಂದೇ. ದ್ವೀಪದಲ್ಲಿ ದಿನದ ಕಾರ್ಯಕ್ರಮವನ್ನು ನಿಮ್ಮ ಬಸ್ಸಾಗಲಿ ಊಟದ ಹೊತ್ತಾಗಲಿ ನಿರ್ಧರಿಸುವುದಿಲ್ಲ. ಸಮುದ್ರದ ಉಬ್ಬರ ಇಳಿತ, ಬಿಸಿಲು, ಗಾಳಿ ನಿರ್ಧರಿಸುತ್ತವೆ. ಇವನ್ನು ನೋಡಿಕೊಂಡು ಹೊರಡಿಸುವ ತಂಡ ಒಳ್ಳೆಯ ತಂಡ. ನಮ್ಮವರು ಹ್ಯಾವ್‌ಲಾಕಿನಲ್ಲಿ ಇದನ್ನು ಅಚ್ಚುಕಟ್ಟಾಗಿ ಮಾಡಿದರು. ನೀಲ್ ದ್ವೀಪದಲ್ಲಿ ಕೈಬಿಟ್ಟರು. ಎರಡನ್ನೂ ಹೇಳುತ್ತೇನೆ.

ಮೊದಲು ದಿನಾಂಕದ ಮಾತು. ಅವರು ಪ್ರವಾಸ ಇಟ್ಟಿದ್ದು ಅಮಾವಾಸ್ಯೆಯ ಆಸುಪಾಸಿನಲ್ಲಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದು, ಅದರ ಮುಂದಿನ ಅಮಾವಾಸ್ಯೆಗೆ ನಾವು ಅಲ್ಲಿದ್ದೆವು. ನಮ್ಮತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. "ಅಮಾಸಿ ಮುಂದಿಟ್ಕೊಂಡು ಯಾರರೆ ಸಮುದ್ರಕ್ಕ ಹೋಗ್ತಾರೇನು?" ಎಂದರು. ತಂಡದ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಅಕ್ಕಾರ, ಚಂದ್ರ ಇರಬಾರ್ದ್ರಿ, ಅದಕ್ಕ ಅಮಾಸಿ ನೋಡೀವಿ. ನೀರಾಗಿನ ಬೆಳಕು ಕತ್ತಲಾಗ ಛಂದ ಕಾಣ್ತದ್ರಿ" ಎಂದ. ಆ ಉತ್ತರ ಕೇಳಿಯೇ ನಾನು ಮುಂಗಡ ಕಟ್ಟಿದ್ದು.

ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಶ್ರೀ ವಿಜಯ ಪುರಂ. 2024ರ ವರೆಗೆ ಇದರ ಹೆಸರು ಪೋರ್ಟ್ ಬ್ಲೇರ್. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಿಗೂ 2018ರಿಂದ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂಬ ಹೆಸರಿದೆ. ಆದರೆ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಓಡಾಡುತ್ತವೆ, ನಾನೂ ಹಾಗೇ ಬರೆಯುತ್ತೇನೆ. ಹ್ಯಾವ್‌ಲಾಕಿಗೆ ಫೆರಿಯಲ್ಲಿ ಹೋಗಬೇಕು. ಹೊರಡುವ ಅರ್ಧ ತಾಸು ಮೊದಲೇ ವಾಂತಿ ಮಾತ್ರೆ ನುಂಗಿ.

ಅಲ್ಲಿ ಇಳಿದ ಕೂಡಲೇ ಗಮನಕ್ಕೆ ಬರುವುದು ಹೊತ್ತು. ಗಡಿಯಾರ ನಮ್ಮದೇ, ಆದರೆ ದ್ವೀಪಗಳು ಬಹಳ ಪೂರ್ವಕ್ಕಿವೆ. ಬಾಗಲಕೋಟೆಗಿಂತ ಒಂದು ತಾಸಿಗೂ ಮುಂಚೆ ಸೂರ್ಯ ಹುಟ್ಟಿ ಮುಳುಗುತ್ತಾನೆ. ಚಳಿಗಾಲದಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲಾಗತೊಡಗುತ್ತದೆ. ಹೋಟೆಲಿನವರು ಒಂಬತ್ತಕ್ಕೆ ತಿಂಡಿ ತಿನ್ನಿಸಿ ಹತ್ತಕ್ಕೆ ಹೊರಡಿಸಿದರೆ ಅರ್ಧ ದಿನ ಹೋದ ಹಾಗೆ. ನಮ್ಮನ್ನು ಕತ್ತಲಿರುವಾಗಲೇ ಎಬ್ಬಿಸುತ್ತಿದ್ದರು. ಕಪ್ಪು ಚಹಾ, ಎರಡು ಬಿಸ್ಕೀಟು, ಹೊರಡುವುದು. ಇದಕ್ಕೆ ಪೂರ್ತಿ ಅಂಕ.

ಈಗ ಎಲಿಫೆಂಟ್ ಬೀಚಿನ ನಡಿಗೆ. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಈ ಬೀಚಿಗೆ ಜನ ಜೆಟ್ಟಿಯಿಂದ ಬೋಟಿನಲ್ಲಿ ಹೋಗುತ್ತಾರೆ. ರಾಧಾನಗರ ಬೀಚಿಗೆ ಹೋಗುವ ರಸ್ತೆಯ ಮಧ್ಯದಿಂದ ಕಾಡಿನ ದಾರಿಯೂ ಇದೆ, ಸುಮಾರು ಎರಡು ಕಿಲೋಮೀಟರ್. ದೂರ ಕಡಿಮೆ ಎಂದು ಹಗುರವಾಗಿ ನೋಡಬೇಡಿ. ಬಾದಾಮಿಯಲ್ಲಿ ಬಂಡೆ ಒಣಗಿರುತ್ತದೆ, ಕಾಲು ಊರಿದರೆ ಹಿಡಿತ ಸಿಗುತ್ತದೆ. ಇಲ್ಲಿ ನೆಲವೇ ಒದ್ದೆ. ಬೇರುಗಳು ಅಡ್ಡಡ್ಡ ಬಿದ್ದಿರುತ್ತವೆ, ಇಳಿಜಾರಿನಲ್ಲಿ ಕೆಸರು. ತಲೆಯೆತ್ತಿದರೆ ಆಕಾಶ ಕಾಣದಷ್ಟು ಎತ್ತರದ ಗರ್ಜನ್ ಮರಗಳು, ಪಡೌಕ್ ಮರಗಳು. ಸ್ಥಳೀಯ ಗೈಡ್ ಮುಂದೆ, ಬೆಳಗಾವಿಯ ಹುಡುಗ ಕೊನೆಯಲ್ಲಿ. ಇಬ್ಬರ ನಡುವೆ ನಾವು. ಯಾರೂ ಹಿಂದೆ ಉಳಿಯದಂತೆ ಅವನು ತಲೆ ಎಣಿಸುತ್ತಲೇ ಇದ್ದ. ನಾನು ಮಕ್ಕಳನ್ನು ಕರೆದೊಯ್ಯುವಾಗ ಮಾಡುವುದೂ ಇದನ್ನೇ, ಹಾಗಾಗಿ ಮನಸ್ಸಿಗೆ ಸಮಾಧಾನವಾಯಿತು.

ಕಾಡು ಮುಗಿದ ಮೇಲೆ ಒಂದು ತೆರೆದ ಕೆಸರು ಬಯಲು ಬರುತ್ತದೆ. ಪಕ್ಕದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ನೆಲದಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಅವುಗಳ ಉಸಿರಾಟದ ಬೇರುಗಳು. ಇಳಿತದ ಹೊತ್ತಿನಲ್ಲಿ ಇದನ್ನು ಕಾಲು ಒದ್ದೆ ಮಾಡಿಕೊಂಡು ದಾಟಬಹುದು. ಉಬ್ಬರದಲ್ಲಿ ನೀರು ಮೇಲೆ ಬರುತ್ತದೆ. "ಅಕ್ಕಾರ, ನೀರು ಏರೂಕಿಂತ ಮೊದಲ ದಾಟಬೇಕ್ರಿ, ಫೋಟೊ ಆಮ್ಯಾಲೆ ತಗೀರಿ" ಎಂದು ಹುಡುಗ ಎಲ್ಲರನ್ನೂ ಸಾಗಿಸಿದ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆಯ ಹೊತ್ತು ಇವತ್ತಿಗೆ ಹೊಂದುವುದಿಲ್ಲ. ಅವನ ಡೈರಿಯಲ್ಲಿ ಪ್ರತಿ ದಿನದ ಹೊತ್ತು ಬರೆದಿತ್ತು. ನಾನು ಕೇಳಿದಾಗ ತೋರಿಸಿದ.

ಬೀಚಿನಲ್ಲಿ ದೊಡ್ಡ ದೊಡ್ಡ ಒಣ ಮರಗಳು ಬುಡಮೇಲಾಗಿ ಬಿದ್ದಿವೆ. 2004ರ ಡಿಸೆಂಬರ್ 26ರ ಭೂಕಂಪ, ಸುನಾಮಿಯ ಗುರುತು ಅವು. ಆ ದಿನ ಪೋರ್ಟ್ ಬ್ಲೇರ್ ಸುತ್ತಲಿನ ನೆಲವೇ ಸುಮಾರು ಒಂದು ಮೀಟರ್ ಕೆಳಗಿಳಿಯಿತು. ಉತ್ತರ ಅಂಡಮಾನಿನಲ್ಲಿ ತದ್ವಿರುದ್ಧವಾಗಿ ನೆಲ ಮೇಲಕ್ಕೆದ್ದಿತು. ಗೈಡ್ ಆ ಮರಗಳ ನೆರಳಿನಲ್ಲಿ ಕೂರಿಸಿ ಇದನ್ನು ಹೇಳಿದರು. ಬೋಟುಗಳು ಬರಲು ಇನ್ನೂ ಹೊತ್ತಿತ್ತು. ಒಂದು ತಾಸಿನ ಮಟ್ಟಿಗೆ ಆ ದಂಡೆ ನಮ್ಮದೊಂದೇ ಗುಂಪಿನದು. ನಡೆದು ಬಂದಿದ್ದಕ್ಕೆ ಸಿಕ್ಕ ಲಾಭ ಇದು.

ಸ್ನಾರ್ಕೆಲ್, ಅಂದರೆ ಉಸಿರಾಡುವ ಕೊಳವೆ ಹಾಕಿಕೊಂಡು ನೀರಿಗಿಳಿದೆವು. ಗಿಳಿಮೀನು, ಪಟ್ಟೆಪಟ್ಟೆಯ ಸಣ್ಣ ಮೀನು ಬೇಕಾದಷ್ಟು ಕಂಡವು. ಹವಳದ ಬಗ್ಗೆ ಮಾತ್ರ ಜಾಹೀರಾತಿನ ಚಿತ್ರ ನಂಬಬೇಡಿ. ಬಹಳ ಕಡೆ ಹವಳ ಬೂದು ಬಣ್ಣಕ್ಕೆ ತಿರುಗಿದೆ. ನೀರು ಮಿತಿಮೀರಿ ಬಿಸಿಯಾದರೆ ಹವಳ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಅಂಡಮಾನಿನ ಹವಳ ಹೀಗೇ ದೊಡ್ಡ ಪೆಟ್ಟು ತಿಂದಿತು. ಅಲ್ಲಲ್ಲಿ ಉಳಿದ ಬಣ್ಣದ ಹವಳದ ಮೇಲೆ ಜನ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಕಂಡು ನನಗೆ ಬಹಳ ಬೇಸರವಾಯಿತು. ನಮ್ಮ ಗೈಡ್ ಇದನ್ನು ಮೊದಲೇ ಹೇಳಿದ್ದರು: ಸುಸ್ತಾದರೆ ರಬ್ಬರ್ ಟ್ಯೂಬ್ ಹಿಡಿಯಿರಿ, ಕಾಲು ಮಾತ್ರ ಊರಬೇಡಿ.

ಕಯಾಕ್ ರಾತ್ರಿಯ ಬಗ್ಗೆ ಬರೆಯದಿದ್ದರೆ ತಂಡಕ್ಕೆ ಅನ್ಯಾಯ. ನನ್ನ ನಾದಿನಿಗೆ ಈಜು ಬರುವುದಿಲ್ಲ, ಸಮುದ್ರ ನೋಡಿದ್ದೂ ಅದೇ ಮೊದಲು. ಹಗಲಲ್ಲೇ ಎದೆಮಟ್ಟದ ನೀರಿನಲ್ಲಿ ಲೈಫ್ ಜಾಕೆಟ್ ತೊಡಿಸಿ, ಕಯಾಕ್ ಮಗುಚಿದರೆ ಏನು ಮಾಡಬೇಕೆಂದು ಮಾಡಿಸಿ ತೋರಿಸಿದರು. ಅವಳ ಬೆಲ್ಟು ಸಡಿಲ ಇತ್ತು. ಗೈಡ್ ತಾವೇ ನೋಡಿ ಬಿಗಿ ಮಾಡಿದರು. ರಾತ್ರಿ ಇಬ್ಬಿಬ್ಬರು ಕೂರುವ ಕಯಾಕಿನಲ್ಲಿ ಕಾಂಡ್ಲಾ ಗಿಡಗಳ ನಡುವಿನ ನೀರಿಗೆ ಹೋದೆವು. ಎಲ್ಲರ ಕೊರಳಲ್ಲೂ ಸೀಟಿ. ಸ್ವಲ್ಪ ಒಳಗೆ ಹೋದ ಮೇಲೆ ಹೆಡ್‌ಲ್ಯಾಂಪ್ ಆರಿಸಲು ಹೇಳಿದರು. ಹುಟ್ಟು ನೀರಿಗೆ ಬಿದ್ದಲ್ಲೆಲ್ಲ ಕಮ್ಮಾರನ ಕುಲುಮೆಯಿಂದ ಕಿಡಿ ಹಾರಿದ ಹಾಗೆ ನೀಲಿ ಬೆಳಕು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಅಲುಗಿದಾಗ ಬಿಡುವ ಬೆಳಕು ಅದು. ಮೀನು ಓಡಿದ ದಾರಿ ಕೂಡ ಗೆರೆಯಾಗಿ ಕಾಣುತ್ತಿತ್ತು. ನಾದಿನಿ ಕೈ ಅದ್ದಿ ಅದ್ದಿ ನೋಡಿದಳು. ವಾಪಸ್ ಬರಲು ಅವಳಿಗೆ ಮನಸ್ಸೇ ಇರಲಿಲ್ಲ. ಹುಣ್ಣಿಮೆಯ ಹತ್ತಿರ ಇದನ್ನು ಬುಕ್ ಮಾಡಬೇಡಿ, ದುಡ್ಡು ದಂಡ.

ರಾಧಾನಗರದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಉದ್ದದ ಬಿಳಿ ಮರಳು, ಹಿಂದೆ ಕಾಡು, ಸೂರ್ಯಾಸ್ತ. ನಿಜಕ್ಕೂ ಚೆನ್ನಾಗಿದೆ. ನಾನು ಹೇಳಬೇಕಾದ್ದು ಮೊಸಳೆಯ ಮಾತು. ಕೃಷ್ಣಾ ದಂಡೆಯವರಾದ ನಮಗೆ ಮೊಸಳೆ ಹೊಸದಲ್ಲ. ಆದರೆ ಇಲ್ಲಿರುವುದು ಉಪ್ಪು ನೀರಿನ ಮೊಸಳೆ, ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಇದರ ದಾಳಿಗೆ ಸತ್ತರು. ಬೀಚಿನ ತುದಿಯಲ್ಲಿ ನೀರು ಶಾಂತವಾಗಿದೆ ಎಂದು ಅಲ್ಲಿಗೆ ಹೋಗಬೇಡಿ. ನಮ್ಮ ಗುಂಪಿನ ಒಬ್ಬರು ಹೊರಟಾಗ ಗೈಡ್ ಓಡಿಹೋಗಿ ಕರೆದು ತಂದರು. ಅವರು ಮುನಿಸಿಕೊಂಡರು. ಗೈಡ್ ಮಾಡಿದ್ದೇ ಸರಿ.

ಟೆಂಟುಗಳಿದ್ದದ್ದು ಬಂಗಾಲಿ ಕುಟುಂಬವೊಂದರ ತೋಟದಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ದಂಡೆಯ ಮೇಲೆ ಬೇಕಾದಲ್ಲಿ ಟೆಂಟ್ ಹೊಡೆಯಲು ಬಿಡುವುದಿಲ್ಲ. ಹಾಗೆ ಮಾಡಿಸುತ್ತೇವೆ ಎನ್ನುವವರ ಹತ್ತಿರ ಅನುಮತಿ ಪತ್ರ ಕೇಳಿ. ತೆಂಗಿನ ಮರದ ಕೆಳಗೆ ಒಂದೂ ಟೆಂಟ್ ಇರಲಿಲ್ಲ, ಕಾಯಿ ಬೀಳುತ್ತದಲ್ವಾ, ಇದನ್ನು ಯೋಚಿಸಿದ್ದು ಒಳ್ಳೆಯದು. ಟೆಂಟ್ ಮಾತ್ರ ಆ ಜಾಗಕ್ಕೆ ಸರಿಯಾದದ್ದಲ್ಲ. ಬೆಟ್ಟದ ಚಳಿಗೆ ಮಾಡಿದ ದಪ್ಪ ಬಟ್ಟೆಯ ಟೆಂಟ್. ಗಾಳಿ ಆಡುವ ಕಿಂಡಿ ಸಣ್ಣದು. ಬಾಗಿಲು ಹಾಕಿದರೆ ಸೆಕೆ, ತೆಗೆದರೆ ಸ್ಯಾಂಡ್ ಫ್ಲೈ. ಮರಳಿನಲ್ಲಿರುವ ಈ ಸಣ್ಣ ನೊಣ ಕಚ್ಚಿದರೆ ವಾರಗಟ್ಟಲೆ ತುರಿಕೆ. ಸಂಜೆ, ಬೆಳಗಿನ ಹೊತ್ತು ಪೂರ್ತಿ ಪ್ಯಾಂಟು ಹಾಕಿ, ಕಾಲಿಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳಿ. ಜಾಳಿಗೆ ಬಟ್ಟೆಯ ಟೆಂಟ್ ತನ್ನಿ ಎಂದು ತಂಡಕ್ಕೆ ಬರೆದು ಕೊಟ್ಟು ಬಂದಿದ್ದೇನೆ.

ಊಟ ತೋಟದ ಮನೆಯದೇ. ಅನ್ನ, ಬೇಳೆ, ಬದನೆಕಾಯಿ, ಬೇಕಾದವರಿಗೆ ಮೀನು. ಸಸ್ಯಾಹಾರದ ಪಾತ್ರೆ ಬೇರೆ ಇಟ್ಟಿದ್ದರು. ಆ ಮನೆಯ ಅಮ್ಮ ನಮ್ಮ ಶೇಂಗಾ ಹಿಂಡಿ ತಿಂದು ನೋಡಿ ಒಂದು ಡಬ್ಬಿಯಷ್ಟು ಇಸಕೊಂಡರು. ಕಡಕ್ ರೊಟ್ಟಿ ಒಯ್ಯುವುದಾದರೆ ಗಾಳಿಯಾಡದ ಡಬ್ಬಿಯಲ್ಲಿ ಒಯ್ಯಿರಿ. ಸಮುದ್ರದ ಹವೆಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ.

ಇನ್ನು ನೀಲ್ ದ್ವೀಪ. ಅಲ್ಲಿ ಕಲ್ಲಿನ ಸೇತುವೆಯಂಥ ನೈಸರ್ಗಿಕ ರಚನೆ ಇದೆ. ಅದನ್ನು ನೋಡಬೇಕಾದ್ದು ಇಳಿತದಲ್ಲಿ. ಆಗ ಬಂಡೆಯ ಗುಂಡಿಗಳಲ್ಲಿ ನೀರು ನಿಂತು, ಏಡಿ, ಸಮುದ್ರ ಸೌತೆ, ಸಣ್ಣ ಮೀನು ಎಲ್ಲ ಕಾಲ ಬುಡದಲ್ಲೇ ಕಾಣುತ್ತವೆ. ನಮ್ಮನ್ನು ಕರೆದೊಯ್ದದ್ದು ಮಧ್ಯಾಹ್ನ ಊಟ ಮುಗಿಸಿ, ಸರಿಯಾಗಿ ಉಬ್ಬರದಲ್ಲಿ. ದೂರದಿಂದ ಕಮಾನು ನೋಡಿ ಬಂದದ್ದಷ್ಟೇ. ಮರುದಿನ ಬೆಳಗಿನ ಫೆರಿಗೆ ಟಿಕೆಟ್ ಆಗಿತ್ತು. ಡೈರಿಯಲ್ಲಿ ಇಳಿತದ ಹೊತ್ತು ಬರೆದಿದ್ದರೂ ಟ್ಯಾಕ್ಸಿ, ಫೆರಿಯ ಹೊತ್ತಿಗೆ ಯೋಜನೆ ಬಗ್ಗಿಸಿದ್ದರು. ನಾನು ಇದನ್ನು ನೇರವಾಗಿಯೇ ಹೇಳಿದೆ. ಮುಂದಿನ ಸಲ ಅಲ್ಲಿ ಇನ್ನೊಂದು ರಾತ್ರಿ ಉಳಿಸುತ್ತೇವೆ ಎಂದರು. ನೀವು ಬುಕ್ ಮಾಡುವ ಮುಂಚೆ ಇದೊಂದು ಪ್ರಶ್ನೆ ಕೇಳಿ: ನೀಲ್‌ನ ಸೇತುವೆಗೆ ಎಷ್ಟು ಹೊತ್ತಿಗೆ ಒಯ್ಯುತ್ತೀರಿ, ಆಗ ನೀರು ಎಲ್ಲಿರುತ್ತದೆ? ಥಟ್ಟನೆ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ.

ಕೊನೆಯಲ್ಲಿ ಮೌಂಟ್ ಹ್ಯಾರಿಯೆಟ್ ನಡಿಗೆ ಇತ್ತು. 2021ರಲ್ಲಿ ಇದಕ್ಕೆ ಮೌಂಟ್ ಮಣಿಪುರ ಎಂದು ಹೆಸರಿಟ್ಟರು. 1891ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಮಣಿಪುರದ ಮಹಾರಾಜ ಕುಲಚಂದ್ರ ಸಿಂಗ್ ಮತ್ತು ಅವರ ಜೊತೆಯವರನ್ನು ಗಡೀಪಾರು ಮಾಡಿ ಇಲ್ಲಿಟ್ಟಿದ್ದರು. ಎತ್ತರ ಸುಮಾರು 380 ಮೀಟರ್. ಹಳೆಯ ಕೆಂಪು 20 ರೂಪಾಯಿ ನೋಟಿನ ಹಿಂದಿದ್ದ ನೋಟ ಇಲ್ಲಿಂದ ಕಾಣುವುದೇ. ನಮ್ಮ ಯಜಮಾನರ ಹತ್ತಿರ ಒಂದು ನೋಟು ಇತ್ತು, ಹಿಡಿದು ಹೋಲಿಸಿ ನೋಡಿದೆವು. ಸೆಲ್ಯುಲರ್ ಜೈಲಿಗೆ ಇವರು ಕೊಟ್ಟದ್ದು ಒಂದೇ ತಾಸು. ಕೈದಿಗಳನ್ನು ಗಾಣಕ್ಕೆ ಕಟ್ಟಿ ಎಣ್ಣೆ ತೆಗೆಸುತ್ತಿದ್ದ ಜಾಗದ ಮುಂದೆ ಓಡೋಡಿ ಹೋಗುವುದು ನನಗೆ ಸರಿ ಕಾಣಲಿಲ್ಲ. ಅರ್ಧ ದಿನ ಇಡಿ ಎಂದು ಅದನ್ನೂ ಬರೆದು ಕೊಟ್ಟೆ.

ವಿಮಾನವೂ ಸೇರಿ ತಲೆಗೆ ಅರ್ಧ ಲಕ್ಷ ದಾಟಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೊಣಕಾಲು ನೋವಿರುವವರು, ಚಿಕ್ಕ ಮಕ್ಕಳಿರುವವರು ಕಾಡಿನ ನಡಿಗೆ ಬಿಟ್ಟು ಬೋಟಿನಲ್ಲಿ ಬರಬಹುದು, ಅದಕ್ಕೆ ಬೇರೆ ವ್ಯವಸ್ಥೆ ಮಾಡುತ್ತಾರೆ. ಹಿಡಿತವಿರುವ, ನೀರು ಬಸಿಯುವ ಬೂಟು ಬೇಕೇ ಬೇಕು. ದಂಡೆಯ ಚಿಪ್ಪು, ಹವಳದ ತುಂಡು ಎತ್ತಿ ಚೀಲಕ್ಕೆ ಹಾಕಬೇಡಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಮಳೆಗಾಲ ಬಿಟ್ಟು, ಡಿಸೆಂಬರ್ ಕೊನೆಯಿಂದ ಏಪ್ರಿಲ್ ಒಳಗೆ ಹೋಗಿ. ಆಗಲೂ ಗಾಳಿ ಎದ್ದರೆ ಫೆರಿ ರದ್ದಾಗುತ್ತದೆ. ಹಾಗಾಗಿ ವಾಪಸ್ ವಿಮಾನದ ಹಿಂದಿನ ದಿನ ಶ್ರೀ ವಿಜಯ ಪುರಂನಲ್ಲೇ ಇರುವಂತೆ ಯೋಜನೆ ಇದೆಯೇ, ಫೆರಿ ನಿಂತರೆ ಹೆಚ್ಚುವರಿ ರಾತ್ರಿಯ ಖರ್ಚು ಯಾರದು ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.