ಪಿಂಗ್, ಪೋರ್ಟ್ ಪರೀಕ್ಷೆ, ಟ್ರೇಸ್‌ರೂಟ್: ಯಾವುದನ್ನು ಯಾವಾಗ?

ದೂರದ ಸರ್ವರ್ ಸಿಗುತ್ತಿಲ್ಲ ಎಂದಾಗ ಕೈ ಮೊದಲು ಹೋಗುವುದು ಪಿಂಗ್ ಕಡೆಗೇ. 1983ರಲ್ಲಿ ಮೈಕ್ ಮೂಸ್ ಬರೆದ ಈ ಪುಟ್ಟ ಪ್ರೋಗ್ರಾಮ್ ಐಸಿಎಂಪಿ (ನೆಟ್‌ವರ್ಕ್‌ನ ಸ್ಥಿತಿ ತಿಳಿಸುವ ಸಂದೇಶಗಳ ನಿಯಮ) ಪ್ಯಾಕೆಟ್, ಅಂದರೆ ಮಾಹಿತಿಯ ಪುಟ್ಟ ತುಣುಕು, ಕಳಿಸಿ, ಉತ್ತರಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು, ಎಷ್ಟು ಪ್ಯಾಕೆಟ್ ಕಳೆದುಹೋದವು ಎಂದು ತೋರಿಸುತ್ತದೆ. ಉತ್ತರ ಬರಲಿಲ್ಲವೆಂದು ಸರ್ವರ್ ಕೆಟ್ಟಿದೆ ಎನ್ನಬೇಡಿ. ಬೇಡದ ಸಂಪರ್ಕ ತಡೆಯುವ ಎಷ್ಟೋ ಫೈರ್‌ವಾಲ್‌ಗಳು ಐಸಿಎಂಪಿಯನ್ನೇ ತಡೆದಿರುತ್ತವೆ.

ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಹೇಳುವುದು ಪೋರ್ಟ್ ಪರೀಕ್ಷೆ: ಬೇಕಾದ ಸೇವೆ ಸಿಗುವ ಪೋರ್ಟ್ ಸಂಖ್ಯೆಗೇ ನೇರವಾಗಿ ಸಂಪರ್ಕಿಸಿ ನೋಡುವುದು. ಲಿನಕ್ಸ್‌ನಲ್ಲಿ ನೆಟ್‌ಕ್ಯಾಟ್, ವಿಂಡೋಸ್ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್. ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಬೇಕಿದ್ದರೆ ಪೋರ್ಟ್ 22, ಸುರಕ್ಷಿತ ವೆಬ್‌ಗೆ 443. ಇಲ್ಲಿ ಸೋಲು ಕೂಡ ಮಾತಾಡುತ್ತದೆ. ತಕ್ಷಣವೇ ‘ಕನೆಕ್ಷನ್ ರಿಫ್ಯೂಸ್ಡ್’ ಬಂತೆಂದರೆ ಸಾಮಾನ್ಯವಾಗಿ ಯಂತ್ರದವರೆಗೆ ದಾರಿ ಇದೆ, ಆ ಪೋರ್ಟ್‌ನಲ್ಲಿ ಸರ್ವಿಸ್ ಓಡುತ್ತಿಲ್ಲ. ಸುಮ್ಮನೆ ಕಾಯಿಸಿ ಕಾಯಿಸಿ ಟೈಮ್‌ಔಟ್ ಆದರೆ ನಡುವೆ ಯಾವುದೋ ಫೈರ್‌ವಾಲ್ ಪ್ಯಾಕೆಟ್ ನುಂಗುತ್ತಿರಬಹುದು, ಇಲ್ಲವೇ ಯಂತ್ರವೇ ಆಫ್ ಆಗಿರಬಹುದು. ಈ ಒಂದು ವ್ಯತ್ಯಾಸ ಗಂಟೆಗಟ್ಟಲೆ ಹುಡುಕಾಟ ಉಳಿಸುತ್ತದೆ. ಮೊದಲೇ ಸಂಪರ್ಕ ಸ್ಥಾಪಿಸದೆ ಪ್ಯಾಕೆಟ್ ಕಳಿಸುವ ಯುಡಿಪಿ ಸೇವೆಗಳಿಗೆ ಮಾತ್ರ ಇದನ್ನು ನೆಚ್ಚಿಕೊಳ್ಳಲಾಗದು.

ಪ್ಯಾಕೆಟ್ ಸಾಗುವ ದಾರಿಯ ಒಂದೊಂದು ರೂಟರನ್ನೂ ಸಾಲಾಗಿ ತೋರಿಸುವ ಟ್ರೇಸ್‌ರೂಟ್ ನಿಧಾನ. ದಾರಿ ಎಲ್ಲಿ ಕಡಿದಿದೆ ಎಂದು ತಿಳಿಯಬೇಕಾದಾಗ ಮಾತ್ರ ಬಳಸಿದರೆ ಸಾಕು. ನಡುವಿನ ಸಾಲುಗಳಲ್ಲಿ ಉತ್ತರ ಬರಲಿಲ್ಲವೆಂದು ಹೇಳುವ ನಕ್ಷತ್ರ ಚಿಹ್ನೆ (*) ಕಂಡರೆ ಗಾಬರಿ ಬೇಡ. ಮುಂದಿನ ರೂಟರ್ ಉತ್ತರಿಸಿದ್ದರೆ ಅಲ್ಲಿ ತೊಡಕಿಲ್ಲ.

ಯಾವುದನ್ನು ಬಳಸಿದರೂ ಒಮ್ಮೆ ಹೆಸರಿನಿಂದ, ಇನ್ನೊಮ್ಮೆ ಐಪಿ ವಿಳಾಸದಿಂದ ನೋಡಿ. ಐಪಿಗೆ ಸಿಕ್ಕು ಹೆಸರಿಗೆ ಸಿಗದಿದ್ದರೆ ಮೊದಲು ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್ ನೋಡಿ.