ಇಂಜಿನ್ ರಿಪೇರಿಗೆ ಕೊಡುವ ಮೊದಲು ಇದನ್ನು ಓದಿ: ನನ್ನ 7,600 ರೂಪಾಯಿ ಹೋಯಿತು

ಉಡುಪಿ, ಮಂಗಳೂರು ಕಡೆ ರಿಮೋಟ್‌ನ ಮಾಡೆಲ್ ವಿಮಾನ ಹಾರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆಸರು ಹಾಕುವುದಿಲ್ಲ. ಆದರೆ ನಡೆದದ್ದನ್ನು ಒಂದೂ ಬಿಡದೆ ಹೇಳುತ್ತೇನೆ. ಮೂರು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ದುಡ್ಡು ಹೋದದ್ದು ಒಂದು ಕಡೆ ಇರಲಿ. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದೆನಲ್ಲ, ಅದು ಜಾಸ್ತಿ ಸುಡುತ್ತಿದೆ.

ನನ್ನದು 46 ಸೈಜಿನ ಗ್ಲೋ ಇಂಜಿನ್, ಅಂದರೆ ಮೆಥನಾಲ್ ಫ್ಯೂಯಲ್‌ನಲ್ಲಿ ಓಡುವ ಸಣ್ಣ ಇಂಜಿನ್; ವಿಮಾನ ಟ್ರೈನರ್, ಕಲಿಯುವವರು ಹಾರಿಸುವಂಥದ್ದು. ಕಟಪಾಡಿ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಹಾರಿಸುತ್ತೇವೆ. ಜನವರಿಯಿಂದ ಒಂದೇ ತೊಂದರೆ. ಟ್ಯಾಂಕ್ ತುಂಬಿಸಿ ಬಿಟ್ಟರೆ ಮೊದಲ ನಾಲ್ಕು ನಿಮಿಷ ಚೆನ್ನಾಗಿ ಓಡುತ್ತದೆ. ಟ್ಯಾಂಕ್ ಅರ್ಧ ಆಗುವ ಹೊತ್ತಿಗೆ ಸದ್ದು ಕೀರಲಾಗುತ್ತದೆ, ಹೊಗೆ ನಿಂತೇಬಿಡುತ್ತದೆ. ಆಗ ಮೂಗು ಮೇಲೆತ್ತಿದರೆ ಸಾಕು, ಇಂಜಿನ್ ಬಂದ್. ಮಂಗಳೂರಿನ ಆ ರಿಪೇರಿಯವರಿಗೆ ಇಷ್ಟನ್ನೂ ಮೊದಲ ದಿನವೇ ಹೇಳಿದ್ದೆ. "ಅರ್ಧ ಟ್ಯಾಂಕ್ ಆದ ಮೇಲೆ ಮಾತ್ರ" ಅಂತ ಎರಡು ಸಲ ಹೇಳಿದ್ದೆ. ಇದು ನೆನಪಿರಲಿ.

ಅವರು ಹೇಳಿದ್ದು, "ಫ್ಯೂಯಲ್ ಹಾಳಾಗಿದೆ ಸರ್. ನಮ್ಮಲ್ಲಿ ಕಡಲ ಗಾಳಿ ಅಲ್ವಾ, ಮೆಥನಾಲ್ ನೀರು ಎಳ್ಕೊಳ್ತದೆ." ಮೆಥನಾಲ್ ಗಾಳಿಯ ತೇವ ಹೀರುವುದು ನಿಜವೇ. ಅದಕ್ಕೇ ನಂಬಿದೆ. ಫ್ಯೂಯಲ್ ಕೆಟ್ಟಿದ್ದರೆ ಮೊದಲ ನಿಮಿಷದಿಂದಲೇ ತೊಂದರೆ ಕೊಡಬೇಕಿತ್ತು, ಅರ್ಧ ಟ್ಯಾಂಕ್ ತನಕ ಯಾಕೆ ಕಾಯುತ್ತದೆ? ಆಗ ಇದು ಹೊಳೆಯಲಿಲ್ಲ. ಅವರ ಹತ್ತಿರವೇ ಹೊಸ ಕ್ಯಾನ್ ತೆಗೆದುಕೊಂಡೆ, 2,600. ಫ್ಯೂಯಲ್‌ನಲ್ಲಿರುವ ಹರಳೆಣ್ಣೆಯ ಅಂಟು ಕೂತಿದೆ ಅಂತ ಕಾರ್ಬುರೇಟರ್ ಕ್ಲೀನ್ ಮಾಡಿದ್ದಕ್ಕೆ 1,200. ಬಿಲ್ ಇಲ್ಲ. ಎಲ್ಲ ಫೋನಿನಲ್ಲೇ ಕಳಿಸಿದ್ದು.

ಮನೆಗೆ ಬಂದು ಹಾರಿಸಿದರೆ ಅದೇ ಕತೆ. ಫೋನ್ ಮಾಡಿದೆ. "ಕಾರ್ಬುರೇಟರೇ ಹೋಗಿದೆ ಸರ್, ಬದಲು ಮಾಡ್ಬೇಕು. ವಿಮಾನ ತರುವುದು ಬೇಡ, ಇಂಜಿನ್ ಮಾತ್ರ ಬಿಚ್ಚಿ ತನ್ನಿ" ಅಂದರು. ಬಸ್ಸಿನಲ್ಲಿ ವಿಮಾನ ಹೊತ್ತು ತರುವುದು ಕಷ್ಟ, ಒಳ್ಳೆಯ ಮನುಷ್ಯ, ಅದಕ್ಕೆ ಹೇಳುತ್ತಿದ್ದಾರೆ ಅಂತ ನಾನು ತಿಳಿದುಕೊಂಡೆ.

ಎರಡು ದಿನ ಬಿಟ್ಟು ಹೋದಾಗ ಇಂಜಿನನ್ನು ಅವರ ಸ್ಟ್ಯಾಂಡಿಗೆ ಕೂರಿಸಿದ್ದರು. ಪಕ್ಕದಲ್ಲಿ ಅವರದೇ ಟ್ಯಾಂಕ್, ಅವರದೇ ಪೈಪ್. ನನ್ನೆದುರೇ ಓಡಿಸಿದರು. ಫುಲ್ ಥ್ರಾಟಲ್, ಎಲ್ಲೂ ತಡವರಿಸಲಿಲ್ಲ. "ನೋಡಿ, ಬೆಣ್ಣೆ ಹಾಗೆ ಓಡ್ತಾ ಉಂಟು." ನಾನು ಖುಷಿಯಲ್ಲಿ 3,800 ಕೊಟ್ಟೆ. ಥ್ಯಾಂಕ್ಸ್ ಕೂಡ ಹೇಳಿದೆ. ಅವರ ಟ್ಯಾಂಕಿನಲ್ಲಿ ಇಂಜಿನ್ ಸರಿಯಾಗಿ ಓಡಿದರೆ ತೊಂದರೆ ಇಂಜಿನಿನಲ್ಲಿ ಇಲ್ಲ, ನನ್ನ ವಿಮಾನದ ಒಳಗೆ ಇದೆ ಅಂತ ಅಲ್ವಾ ಅರ್ಥ? ಇಷ್ಟು ವರ್ಷ ಇದೇ ಕೆಲಸ ಮಾಡಿದವರಿಗೆ ಅದು ಗೊತ್ತಾಗಲಿಲ್ಲವಾ? ಒಂದು ಸಲ, ಒಂದೇ ಒಂದು ಸಲ "ನಿಮ್ಮ ಟ್ಯಾಂಕ್ ನೋಡಿದ್ದೀರಾ" ಅಂತ ಕೇಳಲಿಲ್ಲ.

ಕಳೆದ ಭಾನುವಾರ ಮಗನೂ ಬಂದಿದ್ದ. ಇಳಿಸಲು ಬಂದಾಗ ಗದ್ದೆಯಲ್ಲಿ ದನ ಅಡ್ಡ ಬಂತು. ಥ್ರಾಟಲ್ ಕೊಟ್ಟು ಮೂಗು ಎತ್ತಿದೆ. ಬಂದ್. ಎದುರಿಗೆ ತೆಂಗಿನ ತೋಟ. ಎಡಗಡೆ ರೆಕ್ಕೆ ಎರಡು ತುಂಡು. ಚೂರಾದ ಬಾಲ್ಸಾ ಕಡ್ಡಿಗಳನ್ನು ಮಗ ಒಂದೊಂದಾಗಿ ಹೆಕ್ಕಿ ಅಂಗಿಯಲ್ಲಿ ಕಟ್ಟಿಕೊಂಡು ಬಂದ. ಏನೂ ಮಾತಾಡಲಿಲ್ಲ.

ಸಂಜೆ ಪಕ್ಕದ ಮನೆಯ ಹುಡುಗ ಬಂದ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಕಾಲೇಜಿನಲ್ಲಿ ಇಂಥ ವಿಮಾನ ಕಟ್ಟಿ ಅಭ್ಯಾಸ ಇದೆ. "ಅರ್ಧ ಟ್ಯಾಂಕ್ ಆದ ಮೇಲೆ" ಅಂದದ್ದೇ ತಡ, ಅವನು ಇಂಜಿನ್ ಮುಟ್ಟಲೇ ಇಲ್ಲ, ಟ್ಯಾಂಕ್ ಹೊರಗೆ ತೆಗೆದ. ಮೊದಲು ಬಕೆಟ್ ನೀರಿನಲ್ಲಿ ಮುಳುಗಿಸಿ, ಉಳಿದ ಪೈಪ್‌ಗಳಿಗೆ ಬೆರಳು ಒತ್ತಿ, ಒಂದರಲ್ಲಿ ಊದಿದ. ಗುಳ್ಳೆ ಬರಲಿಲ್ಲ, ಅಂದರೆ ಹೊರಗೆ ಎಲ್ಲೂ ಸೋರಿಕೆ ಇಲ್ಲ. ಆಮೇಲೆ ರಬ್ಬರ್ ಬಿರಡೆ ಕಿತ್ತು ಒಳಗಿನ ಸಿಲಿಕಾನ್ ಟ್ಯೂಬ್ ಎಳೆದ. ಹಿಂದಿನ ತುದಿಗೆ ಭಾರದ ಹಿತ್ತಾಳೆ ಗುಂಡು ಇರುತ್ತದಲ್ಲ, ವಿಮಾನ ಹೇಗೆ ತಿರುಗಿದರೂ ಫ್ಯೂಯಲ್ ಇದ್ದ ಕಡೆ ಹೋಗಿ ಕೂರುವ ಗುಂಡು, ಆ ಟ್ಯೂಬ್. ಅದರ ಮುಂದಿನ ತುದಿಯಲ್ಲಿ, ಹಿತ್ತಾಳೆ ಪೈಪಿಗೆ ಸಿಕ್ಕಿಸಿದ ಜಾಗದಲ್ಲೇ, ಸಣ್ಣ ಸೀಳು. ಪೈಪಿನ ತುದಿಯನ್ನು ಯಾರೂ ಅರ ಹಾಕಿ ನಯ ಮಾಡಿರಲಿಲ್ಲ, ಅದೇ ಕೊಯ್ದಿತ್ತು.

ಟ್ಯಾಂಕ್ ತುಂಬಿರುವಾಗ ಸೀಳು ಫ್ಯೂಯಲ್‌ನಲ್ಲಿ ಮುಳುಗಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಅರ್ಧ ಆದರೆ ಸೀಳು ಮೇಲೆ ಬರುತ್ತದೆ, ಗಾಳಿ ಎಳೆಯುತ್ತದೆ. ಮೂಗು ಎತ್ತಿದರೆ ಫ್ಯೂಯಲ್ ಹಿಂದಕ್ಕೆ ಓಡುತ್ತದೆ, ಮುಂದಿನ ಸೀಳಿಗೆ ಬರೀ ಗಾಳಿ. ನಾನು ಮೊದಲ ದಿನ ಹೇಳಿದ್ದ ಮಾತಿಗೆ ಉತ್ತರ ಇಷ್ಟೇ. ಹೊಸ ಟ್ಯೂಬ್ ಅರ್ಧ ಅಡಿ, 60 ರೂಪಾಯಿ.

ಅಷ್ಟಕ್ಕೇ ಮುಗಿದಿದ್ದರೆ ಗೊತ್ತಾಗದೆ ತಪ್ಪಿದರು ಅಂದುಕೊಳ್ಳುತ್ತಿದ್ದೆ. ಹುಡುಗ ಕಾರ್ಬುರೇಟರ್ ನೋಡುತ್ತಾ ಕೇಳಿದ, "ಅಂಕಲ್, ಇದು ಹೊಸದು ಅಂದ್ರಲ್ಲ, ನೀಡಲ್‌ನಲ್ಲಿ ಕೆಂಪು ಬಣ್ಣ ಎಂತಕ್ಕೆ ಉಂಟು?"

ನನಗೆ ಎದೆ ಧಸಕ್ಕೆಂದಿತು. ನೀಡಲ್ ಅಂದರೆ ಫ್ಯೂಯಲ್ ಹೆಚ್ಚು ಕಡಿಮೆ ಮಾಡುವ ತಿರುಪು. ಅದು ಎಷ್ಟು ಸುತ್ತು ತೆರೆದಿದೆ ಅಂತ ಗೊತ್ತಾಗಲು ನಾನೇ ಹೋದ ವರ್ಷ ಹೆಂಡತಿಯ ನೈಲ್ ಪಾಲಿಶ್‌ನಿಂದ ಚುಕ್ಕೆ ಇಟ್ಟಿದ್ದೆ. ಒರೆಸಿದ್ದಾರೆ, ಆದರೆ ಗೀರುಗಳ ಒಳಗೆ ಕೆಂಪು ಹಾಗೇ ಇದೆ. ನನ್ನ ಹಳೆಯ ಕಾರ್ಬುರೇಟರನ್ನೇ ತೊಳೆದು ನನಗೇ 3,800ಕ್ಕೆ ಮಾರಿದ್ದಾರೆ.

ಫೋಟೋ ಕಳಿಸಿದೆ. ಬಂದ ಉತ್ತರ, "ಅದು ಕಂಪನಿಯ ಗುರುತು ಸರ್." ನೈಲ್ ಪಾಲಿಶ್ ಬಾಟಲಿ ಪಕ್ಕದಲ್ಲಿಟ್ಟು ಇನ್ನೊಂದು ಫೋಟೋ ಹಾಕಿದೆ. ಹತ್ತು ನಿಮಿಷ ಸುಮ್ನೆ. ಆಮೇಲೆ, "ಬಾಡಿ ಹೊಸದು, ನೀಡಲ್ ನಿಮ್ಮದೇ ಹಾಕಿದ್ದು." ಹಾಗಾದರೆ ಹಳೆ ಬಾಡಿ ಎಲ್ಲಿ? "ಗುಜರಿಗೆ ಹೋಯ್ತು." ದುಡ್ಡು ವಾಪಸ್ ಕೊಡಿ ಅಂದೆ. ವಾಯ್ಸ್ ಮೆಸೇಜ್ ಬಂತು: "ಈ ಹವ್ಯಾಸ ಎಲ್ಲರಿಗೂ ಆಗುವುದಲ್ಲ ಮಾರಾಯ್ರೆ. ಹಾರಿಸ್ಲಿಕ್ಕೆ ಬರದೆ ಬೀಳಿಸಿ ನನ್ನ ಮೇಲೆ ಹಾಕ್ಬೇಡಿ." ಮಗ ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಆಮೇಲೆ ನೀಲಿ ಟಿಕ್ ಮಾತ್ರ, ಉತ್ತರ ಇಲ್ಲ.

ನಿಮ್ಮ ಇಂಜಿನ್ ಹೀಗೆ ಮಾಡಿದರೆ ಯಾರಿಗೂ ಕೊಡುವ ಮೊದಲು ಟ್ಯಾಂಕ್ ಬಿಚ್ಚಿ. ಒಳಗಿನ ಟ್ಯೂಬ್ ವರ್ಷಕ್ಕೊಮ್ಮೆ ಬದಲಿಸಿ. ಪೆಟ್ರೋಲ್ ಇಂಜಿನಿನವರು ಸಿಲಿಕಾನ್ ಟ್ಯೂಬ್ ಹಾಕಲೇಬೇಡಿ, ಅದು ಪೆಟ್ರೋಲ್‌ಗೆ ಉಬ್ಬಿ ಹಾಳಾಗುತ್ತದೆ. ರಿಪೇರಿಗೆ ಕೊಡಲೇಬೇಕಾದರೆ ವಿಮಾನ ಸಮೇತ ಒಯ್ಯಿರಿ, ನಿಮ್ಮ ಟ್ಯಾಂಕಿನಲ್ಲೇ ಕೊನೆಯ ಹನಿ ತನಕ ಓಡಿಸಲು ಹೇಳಿ, ಮೂಗು ಎತ್ತಿ ಹಿಡಿದು ನೋಡಿ. ಬದಲಿಸಿದ ಭಾಗ ಕೈಗೆ ಬಾರದೆ ಒಂದು ರೂಪಾಯಿ ಕೊಡಬೇಡಿ.

ಆ ಕಾರ್ಬುರೇಟರನ್ನು ಬಿಚ್ಚಿ ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಮೆಸೇಜುಗಳನ್ನೂ ಅಳಿಸಿಲ್ಲ. ಮಂಗಳೂರಿನಲ್ಲಿ ಯಾರಿಗಾದರೂ ಇಂಜಿನ್ ಕೊಡುವ ಯೋಚನೆ ಇದ್ದರೆ ಮೊದಲು ನಮ್ಮ ಮನೆಗೆ ಬನ್ನಿ, ತೋರಿಸುತ್ತೇನೆ.