ಗೆದ್ದಲಿಗೆ ಬೇಟ್ ಅಂತ ಬರೀ ಡಬ್ಬಿ ಹೂತು ಹೋದ! ನವನಗರದವರೇ ಹುಷಾರ್

ಬಾಗಲಕೋಟೆಯವರು ದಯವಿಟ್ಟು ಓದಿ. ಗೆದ್ದಲಿಗೆ ಬೇಟ್ (ಔಷಧ ಬೆರೆಸಿದ ತಿನಿಸು) ಇಡುತ್ತೇನೆ ಅಂತ ಬಂದವನೊಬ್ಬ 18,000 ರೂಪಾಯಿ ತಗೊಂಡು ಔಷಧವೇ ಇಲ್ಲದ ಡಬ್ಬಿ ಹೂತು ಹೋಗಿದ್ದಾನೆ. ಔಷಧವೇ ಇಲ್ಲ!

ನಮ್ಮ ಬಾಗಿಲ ಚೌಕಟ್ಟು ಸಾಗವಾನಿಯದು. ಆಲಮಟ್ಟಿ ಹಿನ್ನೀರಿಗೆ ಹಳೇ ಮನೆ ಹೋದಾಗ ಮಾವನವರು ಬಿಚ್ಚಿಸಿ ತಂದು ನವನಗರದಲ್ಲಿ ಕೂರಿಸಿದ್ದು. ಅದರ ಬುಡದಲ್ಲಿ ಮಣ್ಣಿನ ಗೆರೆ ಎದ್ದಿತ್ತು. ಮನೆಯಲ್ಲಿ ಕೂಸಿದೆ, ನೆಲ ಕೊರೆದು ಎಣ್ಣೆ ಬಿಡೋದು ಬೇಡ ಅಂದೆ. ಆಗ ಅವನು ಡಬ್ಬಿ ಮಾತೆತ್ತಿದ. "ಇದನ್ನ ತಿಂದು ಗೂಡಿಗೆ ಒಯ್ದು ಎಲ್ಲಕ್ಕೂ ತಿನಸ್ತಾವ್ರಿ ಅಕ್ಕಾರ, ರಾಣಿ ಸಮೇತ ಖಲಾಸ್." ಪೂರ್ತಿ ದುಡ್ಡು ಮೊದಲೇ ಇಸ್ಕೊಂಡ.

ಗೆರೆ ಚೌಕಟ್ಟಿನ ತಲೆ ತನಕ ಹತ್ತಿತು. ಫೋನ್ ಮಾಡಿದಾಗೆಲ್ಲ ಒಂದೇ ಉತ್ತರ. "ನಿಧಾನದ ಔಷಧ ಐತ್ರಿ, ತಡೀರಿ."

ಕೊನೆಗೆ ನಾನೇ ಮುಚ್ಚಳ ತೆಗೆದೆ. ಒಳಗೆ ಕಟ್ಟಿಗೆ ತುಂಡು, ಮೈತುಂಬ ಗೆದ್ದಲು. ಅಷ್ಟೇ. ಇನ್ನೊಂದು ತೆಗೆದೆ. ಅದೂ ಹಾಗೇ! ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಓಣಿಯವರೆಲ್ಲ ನೋಡುತ್ತಿದ್ದರು.

ಮೊದಲು ಬರೀ ಕಟ್ಟಿಗೆ ಇಡೋದು ಸರಿಯೇ. ಗೆದ್ದಲು ಹತ್ತಿದ ಮೇಲೆ ಹೆಕ್ಸಾಫ್ಲುಮುರಾನ್, ಕ್ಲೋರ್‌ಫ್ಲುವಾಜುರಾನ್ ಅಂಥ ಔಷಧ ಬೆರೆಸಿದ ಬೇಟ್ ಇಡಬೇಕು. ತಿಂದ ಗೆದ್ದಲು ಪೊರೆ ಕಳಚಲಾಗದೆ ಸಾಯುತ್ತವೆ. ಗೂಡು ಪೂರ್ತಿ ಹೋಗಲು ತಿಂಗಳುಗಳೇ ಬೇಕು. ಅಂದರೆ ನಿಧಾನ ಅನ್ನೋದು ನಿಜ! ಆ ನಿಜದ ಹಿಂದೆಯೇ ಅವನು ಅಡಗಿ ಕೂತ. ಅದೇ ಜಾಸ್ತಿ ಉರಿಯುತ್ತಿದೆ. ಔಷಧವನ್ನೇ ಇಡದಿದ್ದರೆ ನಿಧಾನವಾಗಿ ಆಗೋದಾದರೂ ಏನು?

ಕೇಳಿದರೆ "ಔಷಧ ಕಟ್ಟಿಗ್ಯಾಗ ಇಳಿದೈತ್ರಿ, ಕಣ್ಣಿಗೆ ಕಾಣೂದಿಲ್ಲ" ಅಂದ. ಫೋಟೊ ಕಳಿಸಿದೆ. "ನೀವ್ಯಾಕ ಮುಚ್ಚಳ ತೆಗದ್ರಿ? ಇನ್ನ ಗ್ಯಾರಂಟಿ ಹೋತು." ಗ್ಯಾರಂಟಿ ಹೋಯಿತಂತೆ! ಜಗಳ ಮಾಡಿದ ಮೇಲೆ ಒಬ್ಬ ಹುಡುಗನನ್ನು ಕಳಿಸಿದ. ಅವನು ಡಬ್ಬಿಗಳ ಮೇಲೇ ಘಾಟು ಎಣ್ಣೆ ಹೊಡೆದು ಹೋದ. ಘಾಟು ಇದ್ದ ಕಡೆ ಗೆದ್ದಲು ಬೇಟ್ ತಿನ್ನಲು ಬರುತ್ತವಾ? ಬೇಟ್ ಮಾರುವವನಿಗೆ ಇಷ್ಟೂ ಗೊತ್ತಿಲ್ವಾ? ಕೂಸನ್ನು ಕರೆದುಕೊಂಡು ತವರಿಗೆ ಹೋಗಬೇಕಾಯಿತು.

ಬೇಟ್ ಪಾಕೀಟು ನಿಮ್ಮ ಎದುರಿಗೇ ಒಡೆಸಿ. ಲೇಬಲ್ ಮೇಲೆ ಔಷಧದ ಹೆಸರು, ನೋಂದಣಿ ಸಂಖ್ಯೆ ಓದಿ. ಯಾವಾಗ ಬಂದು ಡಬ್ಬಿ ನೋಡುತ್ತಾನೆ ಅಂತ ಬಿಲ್ ಮೇಲೆ ಬರೆಸಿ. ಅಲ್ಲಿ ತನಕ ಪೂರ್ತಿ ದುಡ್ಡು ಕೊಡಲೇಬೇಡಿ.

ಈಗ ಫೋನ್ ಮಾಡಿದರೆ ಜಮಖಂಡಿಯಲ್ಲಿ ಕೆಲಸ ನಡೆದಿದೆ ಅಂತಾನೆ. ಜಮಖಂಡಿಯವರು ಯಾರಾದರೂ ಓದುತ್ತಿದ್ದರೆ, ಇವತ್ತೇ ನಿಮ್ಮ ಡಬ್ಬಿ ತೆಗೆದು ನೋಡಿ.